ಐದು ಡಾಲರಿನ ಕತ್ತರಿ

1998ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಮೊದಲನೆಯ ದಿನ ‘ಟೈಟಾನಿಕ್’ ಚಿತ್ರದ ವಿಡಿಯೋ ಕ್ಯಾಸೆಟ್ಟು ಅಮೆರಿಕದ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದಿತು. ಚಿತ್ರವು ಮೂರು ಗಂಟೆ ಹದಿನಾಲ್ಕು ನಿಮಿಷಗಳಷ್ಟು ದೀರ್ಘವಾದುದರಿಂದ ಎರಡು ಕ್ಯಾಸೆಟ್ಟುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ಹಡಗು ಮುಳುಗಿದುದನ್ನು ಚಿತ್ರಮಂದಿರದಲ್ಲಿ ಕಂಡು ಕಣ್ಣೊರೆಸಿಕೊಂಡಿದ್ದ ಸಂಸಾರವಂದಿಗರು ಆ ಪೆಟ್ಟಿಗೆಯನ್ನು ಕೊಂಡು ಮನೆಗೆ ತಂದರು. ಆದರೆ ಯೂಟಾ ಸಂಸ್ಥಾನದ ಅಮೆರಿಕನ್ ಫೋರ್ಕ್ ಎಂಬ ಪಟ್ಟಣದಲ್ಲಿ ಕೆಲವರು ಅದನ್ನು ಮಕ್ಕಳ ಮುಂದೆ ಹಾಕುವುದಕ್ಕೆ ಮೊದಲು ಒಂದು ವಿಡಿಯೋ ಅಂಗಡಿಗೆ ಒಯ್ದರು. ಐದು ಡಾಲರು ತೆತ್ತರೆ ಸಾಕು, ನಾಯಕಿಯ ನಗ್ನದೃಶ್ಯವನ್ನು ಅಲ್ಲಿ ಕತ್ತರಿಸಿ ತೆಗೆದುಕೊಡುತ್ತಿದ್ದರು.

ಯೂಟಾ ಎಂಬುದು ಮಾರ್ಮನ್ ಪಂಥದವರು ಹೆಚ್ಚಾಗಿ ನೆಲಸಿರುವ ನಾಡು. ನಿಷ್ಠೆಯುಳ್ಳ ಮಾರ್ಮನ್ ಕುಟುಂಬದಲ್ಲಿ ಮದ್ಯವಿಲ್ಲ, ಹೊಗೆಸೊಪ್ಪಿಲ್ಲ, ಕಾಫಿ ಸಹ ಇಲ್ಲ. (ಕಾಫಿಯನ್ನೇ ಬಿಟ್ಟವರೆಂದ ಮೇಲೆ ಅವರ ನಿಷ್ಠೆಯ ಅಳತೆಯನ್ನು ಓದುಗರು ಊಹಿಸಿಕೊಳ್ಳಬಹುದು.) ಸೋಮವಾರದ ಸಂಜೆಯನ್ನು ಮನೆಮಂದಿಯೆಲ್ಲ ಒಟ್ಟಿಗೆ ಕಳೆಯಲೆಂದು ಮೀಸಲಿಡುವ ಪದ್ಧತಿ ಅವರಲ್ಲುಂಟು. ಇಂಥ ಮನೆಯ ನಡುಮನೆಯಲ್ಲಿ ತಾಯಿ, ತಂದೆ, ಹದಿಹರೆಯದ ಮಗ, ಅವನ ಪುಟ್ಟ ತಂಗಿ ಎಲ್ಲರೂ ಕುಳಿತಿರುವಾಗ, ಕೊರಳಿನಲ್ಲಿ ನೀಲಿಯ ಹರಳಿನ ಹಾರವೊಂದನ್ನು ಬಿಟ್ಟು ಬೇರೇನನ್ನೂ ಧರಿಸದ ರೋಸ್ ತೆರೆಯ ಮೇಲೆ ಒರಗಿಕೊಂಡು, ಚಿತ್ರಕಾರ ಜ್ಯಾಕನಿಂದ ತನ್ನ ರೂಪವನ್ನು ಬರೆಯಿಸಿಕೊಳ್ಳುತ್ತಾಳೆ. ಚಿತ್ರಮಂದಿರದ ಕತ್ತಲೆಯಲ್ಲಿ ಯಾರ ಮುಖ ಯಾರಿಗೂ ಕಾಣದು. ನಡುಮನೆಯಲ್ಲಿ ದೀಪ ಉರಿಯುತ್ತಿರುತ್ತದೆ. ತಂದೆ ಕೆಮ್ಮುತ್ತಾನೆ, ತಾಯಿಗೆ ಒಲೆಯ ಮೇಲಿಟ್ಟುದೇನೋ ಥಟ್ಟನೆ ನೆನಪಾಗುತ್ತದೆ, ಮಗ ಗೋಡೆಯ ಗಡಿಯಾರವನ್ನು ದಿಟ್ಟಿಸುತ್ತಾನೆ. ಈ ಸಂಕಟಕ್ಕೆ ಯೂಟಾದವನೇ ಆಗಬೇಕೆಂದಿಲ್ಲ; ಭೂಮಂಡಲದ ಯಾವ ಮೂಲೆಯ ಗೃಹಸ್ಥನಿಗೂ ಇದು ಅರ್ಥವಾಗುವಂಥದೇ.

ಅಂಗಡಿಯವನ ಕೆಲಸವಾದರೋ ದರ್ಜಿಯ ಕೆಲಸಕ್ಕಿಂತ ಕಷ್ಟವಾದುದೇನಲ್ಲ. ವಿಡಿಯೋ ಟೇಪಿನ ಅಗಲ ಅರ್ಧ ಅಂಗುಲ. ಅದು ಯಂತ್ರದೊಳಗೆ ಒಂದು ನಿಮಿಷಕ್ಕೆ ಸುಮಾರು 2 ಮೀಟರಿನಂತೆ ಸಾಗುತ್ತದೆ. ಕ್ಯಾಸೆಟ್ಟಿನ ಬಾಯನ್ನು ತೆರೆದು, ಬೇಡವಾದ ಗಜವೆರಡು ಗಜವನ್ನು ಕತ್ತರಿಸಿ, ತುದಿಗಳನ್ನು ಅಂಟಿಸಿದರಾಯಿತು. ಗಿರಾಕಿಗಳಿಗೆ ಕೊರತೆ ಬೀಳಲಿಲ್ಲ. ಸುದ್ದಿ ಪತ್ರಿಕೆಗಳಿಗೆ ಮುಟ್ಟಿತು. ಪತ್ರಿಕೆಗಳಿಂದ ಚಿತ್ರದ ಒಡೆತನ ಹೊಂದಿದ್ದ ಪ್ಯಾರಮೌಂಟ್ ಸಂಸ್ಥೆಗೂ ಮುಟ್ಟಿತು. ಇದು ನಡೆಯಕೂಡದೆಂದು ಸಂಸ್ಥೆ ಆಕ್ಷೇಪಿಸಿತು. ‘ಹಣ ಕೊಟ್ಟು ಕೊಂಡ ಕ್ಯಾಸೆಟ್ಟು ನನ್ನದು, ಕೊಂಡ ಸೀರೆಯ ಸೆರಗನ್ನು ಕತ್ತರಿಸಲು ನೇಯ್ದವನ ಅಪ್ಪಣೆ ಬೇಕೆ?’ ಎಂಬುದು ಗೃಹಸ್ಥನ ವಾದ. ‘ನೀನು ಕೊಂಡುದು ಟೇಪನ್ನು, ಕಥೆಯನ್ನಲ್ಲ’ ಎಂಬುದು ಸಂಸ್ಥೆಯ ವಾದ.

ಕಲಾಕೃತಿಯ ಅಖಂಡತೆಯನ್ನು ಕುರಿತ ಈ ಮಾತು ಕೇಳಲು ಗಂಭೀರವಾಗಿದೆ. ಆದರೆ ಅದನ್ನು ಆಡಿದವರ ಕೈಯಲ್ಲಿಯೇ ಕತ್ತರಿ ಇತ್ತೆಂಬುದನ್ನು ಮರೆಯಲಾಗದು. ವಿಮಾನದ ಪ್ರಯಾಣಿಕರಿಗೆಂದು, ದೂರದರ್ಶನದ ಪ್ರೇಕ್ಷಕರಿಗೆಂದು ನಗ್ನದೃಶ್ಯಗಳನ್ನು ತೆಗೆದ ಪ್ರತಿಗಳನ್ನು ಹಾಲಿವುಡ್ಡಿನ ಸಂಸ್ಥೆಗಳು ತಾವೇ ಸಿದ್ಧಪಡಿಸುತ್ತ ಬಂದಿದ್ದವು. ಇದಕ್ಕೆ ಪ್ರತಿಯಾಗಿ, ಚಿತ್ರಮಂದಿರದಲ್ಲಿ ಕತ್ತರಿಸಿದುದನ್ನು ಕ್ಯಾಸೆಟ್ಟಿನಲ್ಲಿ ಮರಳಿ ಸೇರಿಸಿ ಮಾರುವ ಜಾಣತನವೂ ಅವುಗಳದೇ. 1992ರಲ್ಲಿ ‘ಬೇಸಿಕ್ ಇನ್‌ಸ್ಟಿಂಕ್ಟ್’ ಚಿತ್ರವು ಅಮೆರಿಕದ ಚಿತ್ರಮಂದಿರಗಳಿಗೆ ಬೇಕಾದ ದರ್ಜೆಯನ್ನು ಪಡೆಯಲೆಂದು ಕೆಲವು ತುಣುಕುಗಳನ್ನು ಕಳೆದುಕೊಂಡಿತು. ಬಳಿಕ ಆ ತುಣುಕುಗಳೇ ಮನೆಯ ವಿಡಿಯೋ ಪ್ರತಿಯ ಆಕರ್ಷಣೆಯಾದವು. ಸ್ಟ್ಯಾನ್ಲಿ ಕುಬ್ರಿಕ್ ತೀರಿಕೊಂಡ ಕೆಲವು ತಿಂಗಳಲ್ಲಿ, 1999ರಲ್ಲಿ, ಆತನ ಕೊನೆಯ ಚಿತ್ರವಾದ ‘ಐಸ್ ವೈಡ್ ಷಟ್’ ತೆರೆಗೆ ಬಂದಾಗ, ಬತ್ತಲೆ ದೇಹಗಳ ಮುಂದೆ ಕಂಪ್ಯೂಟರಿನಿಂದ ರಚಿಸಿದ ಮನುಷ್ಯಾಕೃತಿಗಳನ್ನು ಅಡ್ಡ ನಿಲ್ಲಿಸಿದ್ದರು. ಅಮೆರಿಕದ ಮನೆಗಳಿಗೆ ಆ ಕಾವಲುಗಾರರಿಲ್ಲದ ಪ್ರತಿ ದೊರೆತದ್ದು 2007ರಲ್ಲಿ. ‘ದರ್ಜೆ ನೀಡದ ಪ್ರತಿ’ ಎಂಬ ಚೀಟಿ ಹಚ್ಚಿದರೆ ಸಾಧಾರಣ ಹಾಸ್ಯಚಿತ್ರವೂ ಹೆಚ್ಚು ಖರ್ಚಾಗುವುದೆಂದು ವರ್ತಕರು ಕಂಡುಕೊಂಡರು. ಹೀಗಿರಲು, ಸೇರಿಸಿ ಮಾರುವುದು ವ್ಯಾಪಾರ, ತೆಗೆದು ನೋಡುವುದು ಅಪರಾಧ ಎಂಬ ನ್ಯಾಯ ಯೂಟಾದ ಗೃಹಸ್ಥನಿಗೆ ಹಿಡಿಸದೆ ಹೋದುದು ಸಹಜ.

ಅಂಗಡಿಯ ಕತ್ತರಿ ಸಣ್ಣದು. ಅದರ ಹಿಂದೆಯೇ ದೊಡ್ಡ ಉದ್ಯಮವೊಂದು ಹುಟ್ಟಿಕೊಂಡಿತು. ಅದೇ ಯೂಟಾದಲ್ಲಿ ಪ್ರಾರಂಭವಾದ ‘ಕ್ಲೀನ್‌ಫ್ಲಿಕ್ಸ್’ ಮೊದಲಾದ ಸಂಸ್ಥೆಗಳು ಚಿತ್ರಗಳ ನಿಜಪ್ರತಿಗಳನ್ನು ಕೊಂಡು, ನಗ್ನತೆಯನ್ನೂ ಬೈಗುಳವನ್ನೂ ರಕ್ತಪಾತವನ್ನೂ ಅಳಿಸಿದ ಹೊಸ ಪ್ರತಿಗಳನ್ನು ಮಾಡಿ, ಬಾಡಿಗೆಗೂ ಮಾರಾಟಕ್ಕೂ ಇಟ್ಟವು. ಸೋಡರ್‌ಬರ್ಗ್, ಸ್ಪೀಲ್‌ಬರ್ಗ್, ಸ್ಕಾರ್ಸೇಸಿ, ರೆಡ್‌ಫರ್ಡ್ ಮುಂತಾದ ನಿರ್ದೇಶಕರೂ ದೊಡ್ಡ ಚಿತ್ರಸಂಸ್ಥೆಗಳೂ ಈ ವ್ಯಾಜ್ಯದಲ್ಲಿ ಒಂದು ಕಡೆ ನಿಂತರು. 2006ರ ಜುಲೈಯಲ್ಲಿ ಕೊಲರಾಡೋದ ನ್ಯಾಯಾಧೀಶ ರಿಚರ್ಡ್ ಮ್ಯಾಚ್ ಅವರು ತೀರ್ಪಿತ್ತರು: ಉದ್ದೇಶ ಎಷ್ಟೇ ಶುದ್ಧವಾಗಿರಲಿ, ಒಡೆಯನ ಅಪ್ಪಣೆಯಿಲ್ಲದೆ ಪ್ರತಿ ಮಾಡಿ ಹಂಚುವುದು ಕೃತಿಸ್ವಾಮ್ಯದ ಉಲ್ಲಂಘನೆ.

ವಿನೋದವೆಂದರೆ, ತೀರ್ಪು ಬರುವುದಕ್ಕೆ ಒಂದು ವರ್ಷ ಮೊದಲೇ ಅಮೆರಿಕದ ಶಾಸನಸಭೆ ಗೃಹಸ್ಥನಿಗೆ ಹಿತ್ತಲ ಬಾಗಿಲೊಂದನ್ನು ತೆರೆದುಕೊಟ್ಟಿತ್ತು. 2005ರ ಕಾಯಿದೆಯ ಪ್ರಕಾರ, ಮನೆಯೊಳಗೆ ಮನೆಯವರ ಇಚ್ಛೆಯಂತೆ ಯಂತ್ರವೊಂದು ಚಿತ್ರದ ಕೆಲವು ಭಾಗಗಳನ್ನು ಹಾರಿಸಿಕೊಂಡು ಹೋದರೆ ತಪ್ಪಿಲ್ಲ. ಆದರೆ ಹಾಗೆ ಹಾರಿಸಿದ ಹೊಸ ಪ್ರತಿ ಮಾತ್ರ ಉಂಟಾಗಕೂಡದು. ಅಂದರೆ ಕಣ್ಣು ಮುಚ್ಚಿಕೊಳ್ಳಲು ಯಂತ್ರಕ್ಕೆ ಅನುಮತಿಯುಂಟು, ಕತ್ತರಿಗಿಲ್ಲ. ಈ ಗೆರೆ ಎಷ್ಟು ತೆಳುವಾದುದೆಂಬುದನ್ನು ಯೂಟಾದ ‘ವಿಡ್ಏಂಜಲ್’ ಎಂಬ ಇನ್ನೊಂದು ಸಂಸ್ಥೆ ಬಲು ದುಬಾರಿಯಾಗಿ ಕಲಿಯಿತು. ಅಂತರಜಾಲದ ಮೂಲಕ ಸೋಸಿದ ಚಿತ್ರಗಳನ್ನು ಮನೆಗಳಿಗೆ ಕಳಿಸಿದುದಕ್ಕಾಗಿ 2019ರಲ್ಲಿ ಜ್ಯೂರಿಯವರು ಅದಕ್ಕೆ ವಿಧಿಸಿದ ದಂಡ 6 ಕೋಟಿ 24 ಲಕ್ಷ ಡಾಲರು. ಮರುವರ್ಷ ಕಕ್ಷಿಗಳು ಅದಕ್ಕಿಂತ ಬಹು ಕಡಿಮೆ ಮೊತ್ತಕ್ಕೆ ರಾಜಿಯಾದರು.

ಇಷ್ಟೆಲ್ಲ ವಾದವಿವಾದದಲ್ಲಿ ನಗ್ನದೃಶ್ಯವೆಂಬುದು ಒಂದೇ ಬಗೆಯ ಸರಕೆಂಬಂತೆ ಎಣಿಕೆಯಾದುದು ವಿಚಿತ್ರ. ಅಮೆರಿಕನ್ ಫೋರ್ಕಿನ ನೆರೆಯ ಪ್ರೋವೋ ನಗರದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ‘ಷಿಂಡ್ಲರ್ಸ್ ಲಿಸ್ಟ್’ ಚಿತ್ರವನ್ನು ಕತ್ತರಿಸಿ ತೋರಿಸಲು ಬಯಸಿದರು. ನಿರ್ದೇಶಕ ಸ್ಪೀಲ್‌ಬರ್ಗ್ ಒಪ್ಪಲಿಲ್ಲ, ಪ್ರದರ್ಶನವೇ ನಡೆಯಲಿಲ್ಲ. 1997ರ ಫೆಬ್ರವರಿಯಲ್ಲಿ ಅದೇ ಚಿತ್ರ ಅಮೆರಿಕದ ದೂರದರ್ಶನದಲ್ಲಿ ಮೂಡಿ ಬಂದಾಗ, ಓಕ್ಲಹೋಮದ ಶಾಸನಸಭಾ ಸದಸ್ಯ ಟಾಮ್ ಕೋಬರ್ನ್ ಅದರಲ್ಲಿನ ನಗ್ನತೆಯನ್ನು ಹೆಸರಿಸಿ ಖಂಡಿಸಿದರು. ಸ್ವಪಕ್ಷದವರೇ ಅವರನ್ನು ತರಾಟೆಗೆ ತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಅವರು ಕ್ಷಮೆ ಕೇಳಿದರು. ನಾಜಿಗಳ ಶಿಬಿರದಲ್ಲಿ ಬದುಕುವವರನ್ನೂ ಸಾಯಬೇಕಾದವರನ್ನೂ ಬೇರ್ಪಡಿಸಲೆಂದು ಮುದುಕರನ್ನೂ ಹೆಂಗಸರನ್ನೂ ಬತ್ತಲೆ ಓಡಿಸುವ ದೃಶ್ಯವದು. ಅದನ್ನು ಕಂಡು ಲಜ್ಜೆಯಾಗಬೇಕಾದುದು ನಿಜ. ಯಾರ ಪರವಾಗಿ ಲಜ್ಜೆ ಎಂಬುದೇ ಪ್ರಶ್ನೆ.

ಭಾರತದ ಸರ್ವೋಚ್ಚ ನ್ಯಾಯಾಲಯವು ಈ ಅಂತರವನ್ನು ಚೆನ್ನಾಗಿ ಗುರುತಿಸಿತು. ಶೇಖರ್ ಕಪೂರರ ‘ಬ್ಯಾಂಡಿಟ್ ಕ್ವೀನ್’ ಚಿತ್ರದಲ್ಲಿ ಫೂಲನ್‌ದೇವಿಯನ್ನು ವಿವಸ್ತ್ರಳನ್ನಾಗಿಸಿ ಊರಿನ ಬಾವಿಯಿಂದ ನೀರು ತರಿಸುವ ದೃಶ್ಯವುಂಟು. 1996ರಲ್ಲಿ ಚಿತ್ರದ ಪ್ರಮಾಣಪತ್ರವನ್ನು ಎತ್ತಿಹಿಡಿದ ನ್ಯಾಯಾಲಯವು, ಆ ನಗ್ನತೆ ಕಾಮವನ್ನು ಕೆರಳಿಸುವುದಲ್ಲ, ಅವಮಾನಕ್ಕೊಳಗಾದವಳ ಬಗ್ಗೆ ಮರುಕವನ್ನು ಹುಟ್ಟಿಸುವಂಥದು ಎಂದು ವಿವರಿಸುವಾಗ ‘ಷಿಂಡ್ಲರ್ಸ್ ಲಿಸ್ಟ್’ ಚಿತ್ರವನ್ನೇ ನಿದರ್ಶನವಾಗಿ ಎತ್ತಿಕೊಂಡಿತು. ನ್ಯಾಯಾಲಯದ ನೋಟ ಪ್ರೇಕ್ಷಕನ ಮನಸ್ಸಿನ ಮೇಲಿತ್ತು, ಅದು ಸರಿಯೇ. ಆದರೆ ತನ್ನ ಮೇಲಾದ ಅತ್ಯಾಚಾರವನ್ನು ತೆರೆಯ ಮೇಲೆ ತೋರಿಸಲು ತಾನು ಒಪ್ಪಿಲ್ಲವೆಂದು ಸ್ವತಃ ಫೂಲನ್‌ದೇವಿಯೇ 1994ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದಳು. ಆಮೇಲೆ ಅದು ರಾಜಿಯಲ್ಲಿ ಮುಗಿಯಿತು. ಬಾವಿಯ ದೃಶ್ಯದಲ್ಲಿ ಕಾಣುವ ದೇಹವಾದರೂ ನಟಿ ಸೀಮಾ ಬಿಸ್ವಾಸರದಲ್ಲ. ಅವರ ಬದಲಿಗೆ ನಿಂತ ಬೇರೊಬ್ಬ ಹೆಣ್ಣುಮಗಳದು.

ನಿರ್ಮಾಪಕ, ನಿರ್ದೇಶಕ, ಗೃಹಸ್ಥ, ನ್ಯಾಯಾಧೀಶ ಎಲ್ಲರೂ ಮಾತನಾಡಿದ ಈ ಪಂಚಾಯಿತಿಯಲ್ಲಿ ಯಾರ ದೇಹದ ವಿಷಯವಾಗಿ ಇಷ್ಟು ಮಾತೋ ಅವಳ ಮಾತನ್ನು ಕೇಳಿದವರು ವಿರಳ. ಹಾಲಿವುಡ್ಡಿನ ನಟರ ಸಂಘದ ಒಪ್ಪಂದದಂತೆ ನಗ್ನದೃಶ್ಯಕ್ಕೆ ನಟಿಯ ಲಿಖಿತ ಸಮ್ಮತಿ ಮೊದಲೇ ಬೇಕು. ಚಿತ್ರೀಕರಣದ ಸ್ಥಳದಲ್ಲಿ ಅನಗತ್ಯವಾದವರಿರಬಾರದು. ಆಕೆಯ ಒಪ್ಪಿಗೆಯಿಲ್ಲದೆ ನಿಶ್ಚಲ ಛಾಯಾಚಿತ್ರ ತೆಗೆಯಬಾರದು. ಈ ಕೊನೆಯ ನಿಯಮವನ್ನು ಗಮನಿಸಬೇಕು. ಚಲಿಸುವ ಚಿತ್ರದಲ್ಲಿ ಕ್ಷಣಕಾಲ ಮಿಂಚಿ ಮರೆಯಾಗಲು ಒಪ್ಪಿದವಳು ಗೋಡೆಗೆ ತೂಗುಹಾಕುವ ಪಟವಾಗಲು ಒಪ್ಪಿದಂತಾಗಲಿಲ್ಲ. ಆದರೆ ವಿಡಿಯೋ ಯಂತ್ರ ಮನೆಮನೆಗೆ ಬಂದುದೇ ತಡ, ಒಂದು ಗುಂಡಿಯನ್ನೊತ್ತಿದರೆ ಯಾವ ಕ್ಷಣವಾದರೂ ಪಟವಾಗಿ ನಿಲ್ಲತೊಡಗಿತು. ಹಾಗೆ ನಿಲ್ಲಿಸಿದಾಗ ಟೇಪು ನಿಂತರೂ ಅದನ್ನು ಓದುವ ಉರುಳೆ ಮಿನಿಟಿಗೆ 1800 ಸುತ್ತಿನ ವೇಗದಲ್ಲಿ ಅದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ಮತ್ತೆ ಮತ್ತೆ ನಿಲ್ಲಿಸಿದ ಕಡೆ ಟೇಪು ಸವೆಯುತ್ತದೆ. ಬಾಡಿಗೆಯ ಕ್ಯಾಸೆಟ್ಟಿನ ಹಿಂದಿನ ಗಿರಾಕಿ ಎಂಥವನೆಂಬುದನ್ನು ಆ ಸವೆತವೇ ಹೇಳಿಬಿಡುವುದುಂಟು.

‘ಬೇಸಿಕ್ ಇನ್‌ಸ್ಟಿಂಕ್ಟ್’ ಚಿತ್ರದಲ್ಲಿ ನಾಯಕಿ ಕಾಲಮೇಲೆ ಕಾಲು ಬದಲಿಸುವ ಕ್ಷಣ ಇಂಥದು. ಆ ಪಾತ್ರವನ್ನು ವಹಿಸಿದ ಶರಾನ್ ಸ್ಟೋನ್ 2021ರಲ್ಲಿ ಹೊರಬಂದ ತಮ್ಮ ಆತ್ಮಕಥನದಲ್ಲಿ ಅದರ ಹಿನ್ನೆಲೆಯನ್ನು ಬರೆದರು. ಒಳಉಡುಪಿನ ಬಿಳುಪು ದೀಪದಲ್ಲಿ ಮಿನುಗುತ್ತಿದೆಯೆಂದು ಹೇಳಿ ಅದನ್ನು ತೆಗೆಸಿದರೆಂದೂ, ಏನೂ ಕಾಣದೆಂದು ಭರವಸೆ ಕೊಟ್ಟಿದ್ದರೆಂದೂ, ತಾವು ಅದನ್ನು ಮೊದಲು ಕಂಡದ್ದು ಏಜೆಂಟರು ವಕೀಲರು ತುಂಬಿದ್ದ ಕೋಣೆಯಲ್ಲೆಂದೂ ಅವರ ಆರೋಪ. ನಿರ್ದೇಶಕ ಪಾಲ್ ವೆರ್‌ಹೂವನ್ ಇದನ್ನು ಒಪ್ಪುವುದಿಲ್ಲ. ಆಕೆಗೆ ಎಲ್ಲವೂ ತಿಳಿದಿತ್ತೆಂಬುದು ಅವರ ನಿಲುವು. ಚಿತ್ರದ ಬಿಡುಗಡೆಯನ್ನು ತಡೆಯುವ ಹಕ್ಕು ತಮಗಿದೆಯೆಂದು ವಕೀಲರಿಂದ ತಿಳಿದ ಮೇಲೂ, ಪಾತ್ರಕ್ಕೆ ಆ ಕ್ಷಣ ತಕ್ಕುದೆಂದು ಯೋಚಿಸಿ ತಾವೇ ಅದನ್ನು ಉಳಿಸಲು ಬಿಟ್ಟುದಾಗಿ ಸ್ಟೋನ್ ಬರೆದಿದ್ದಾರೆ. ನಿಜ ಯಾರ ಕಡೆಗೇ ಇರಲಿ, ಆ ಕೋಣೆಯಲ್ಲಿ ನಡೆಯಬೇಕಾಗಿದ್ದ ಮಾತುಕತೆ ಚಿತ್ರೀಕರಣಕ್ಕೆ ಮೊದಲು ನಡೆದಿದ್ದರೆ ಯಾರ ಮಾನಕ್ಕೂ ಕುಂದಿರುತ್ತಿರಲಿಲ್ಲ. ಈಚೆಗೆ ಇದಕ್ಕೆಂದೇ ಒಂದು ಹುದ್ದೆ ಏರ್ಪಟ್ಟಿದೆ. 2018ರಲ್ಲಿ ಎಚ್‌ಬಿಓ ಸಂಸ್ಥೆಯು ತನ್ನ ‘ದಿ ಡ್ಯೂಸ್’ ಧಾರಾವಾಹಿಯ ನಟಿಯೊಬ್ಬರ ಕೋರಿಕೆಯ ಮೇರೆಗೆ, ಇಂಥ ದೃಶ್ಯಗಳಲ್ಲಿ ಯಾವ ಅಂಗ ಎಷ್ಟು ಹೊತ್ತು ಯಾವ ಕೋನದಿಂದ ಕಾಣಬೇಕೆಂಬುದನ್ನು ನಟರೊಡನೆ ಮುಂಚಿತವಾಗಿ ನಿಶ್ಚಯಿಸುವ ಮೇಲ್ವಿಚಾರಕಿಯೊಬ್ಬರನ್ನು ನೇಮಿಸಿತು. 2020ರಲ್ಲಿ ನಟರ ಸಂಘವೇ ಆ ಕೆಲಸಕ್ಕೆ ನಿಯಮಗಳನ್ನು ರೂಪಿಸಿತು.

ಐದು ಡಾಲರಿಗೆ ಕತ್ತರಿಸಲ್ಪಟ್ಟ ದೃಶ್ಯದ ನಟಿ ಕೇಟ್ ವಿನ್‌ಸ್ಲೆಟ್‌ಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ದೊಡ್ಡ ಹಡಗಿನ ರಂಗಸಜ್ಜು ಇನ್ನೂ ಮುಗಿದಿರಲಿಲ್ಲವಾಗಿ, ಆಕೆ ಲಿಯೊನಾರ್ಡೋ ಡಿಕಾಪ್ರಿಯೋ ಜೊತೆಯಲ್ಲಿ ಅಭಿನಯಿಸಿದ ಮೊಟ್ಟಮೊದಲ ದೃಶ್ಯಗಳಲ್ಲಿ ಅದೊಂದಾಯಿತು. ತೆರೆಯ ಮೇಲೆ ಜ್ಯಾಕನ ಕೈಯೆಂದು ತೋರುವುದು ನಿರ್ದೇಶಕ ಜೇಮ್ಸ್ ಕ್ಯಾಮೆರಾನರ ಕೈ. ಆ ರೇಖಾಚಿತ್ರವನ್ನು ಬರೆದವರು ಅವರೇ. ಎಡಗೈಯಲ್ಲಿ ಬರೆಯುವ ಅವರ ಕೈಯನ್ನು ಬಲಗೈಯಾಗಿ ಕಾಣಿಸಲು ಚಿತ್ರಿಕೆಯನ್ನು ಕನ್ನಡಿಯಂತೆ ತಿರುವಿದರು. ಅದರ ಪ್ರತಿಗಳು ಜಗತ್ತಿನಾದ್ಯಂತ ಹರಡಿದವು. ಹಸ್ತಾಕ್ಷರಕ್ಕೆಂದು ಅಭಿಮಾನಿಗಳು ಇಂದಿಗೂ ಅದನ್ನೇ ಹಿಡಿದು ಬರುತ್ತಾರೆಂದೂ, ಅದರ ಮೇಲೆ ತಾವು ಸಹಿ ಹಾಕುವುದಿಲ್ಲವೆಂದೂ 2014ರಲ್ಲಿ ವಿನ್‌ಸ್ಲೆಟ್ ತಿಳಿಸಿದರು.