ಹಳದಿ ಉರಿ

ಹೋದ ಭಾನುವಾರ ತುಮಕೂರಿನಿಂದ ಗುಬ್ಬಿಗೆ, ಅಕ್ಕನ ಮನೆಗೆ ಹೋಗಿದ್ದೆ. ಏಳನೇ ತರಗತಿಯ ಅವಳ ಮೊಮ್ಮಗಳು ಹಾಲಿನ ಪಾತ್ರೆಯ ತಳ ತೋರಿಸಿ, "ತಾತ, ಗ್ಯಾಸ್ ಒಲೆಯಲ್ಲೂ ಮಸಿ ಹಿಡಿಯುತ್ತಾ?" ಎಂದಳು. ಒಲೆ ಹಚ್ಚಿ ನೋಡಿದರೆ ಉರಿ ನೀಲಿಯಾಗಿರಲಿಲ್ಲ, ಹಳದಿ.

ಮಕ್ಕಳೇ, ಇದು ಬರೀ ಲೆಕ್ಕ. ಸಿಲಿಂಡರಿನಲ್ಲಿ ಇರುವುದು ಹೆಚ್ಚಾಗಿ ಪ್ರೋಪೇನ್, ಬ್ಯೂಟೇನ್. ಇವು ಆಲ್ಕೇನ್ ಮನೆತನದವು; ಇಂಗಾಲ ಮತ್ತು ಜಲಜನಕ ಬಿಟ್ಟರೆ ಇವುಗಳಲ್ಲಿ ಬೇರೇನೂ ಇಲ್ಲ. ಮನೆತನದ ಕಿರಿಯ ಕೂಸು ಮೀಥೇನ್. ಅದರ ಒಂದು ಅಣು ಪೂರ್ತಿ ಉರಿಯಲು ಆಮ್ಲಜನಕದ 2 ಅಣು ಬೇಕು, ಪ್ರೋಪೇನಿಗಾದರೆ 5. ಅಷ್ಟು ಸಿಕ್ಕರೆ ಕಾರ್ಬನ್ ಡೈಆಕ್ಸೈಡ್, ನೀರಾವಿ ಆಗುತ್ತವೆ. ಸಾಲದೆ ಹೋದರೆ ಇಂಗಾಲ ಅರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಉರಿಯದೆ ಉಳಿದದ್ದು ಮಸಿ. ಆ ಮಸಿಯ ಕಣಗಳು ಕಾದು ಹೊಳೆಯುವುದೇ ಹಳದಿ ಬಣ್ಣ. ಮಸಿಯೇನೋ ಕಣ್ಣಿಗೆ ಕಾಣುತ್ತದೆ. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತವು ಆಮ್ಲಜನಕವನ್ನು ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತದೆ.

ಗ್ಯಾಸ್ ನಿಲ್ಲಿಸಿ, ಆರಿದ ಮೇಲೆ ಬರ್ನರ್ ತೆಗೆದೆ. ಉಕ್ಕಿದ ಹಾಲು ತೂತುಗಳಲ್ಲಿ ಕಟ್ಟಿತ್ತು, ಗಾಳಿ ಹೋಗುವ ಕಿಂಡಿಯಲ್ಲಿ ಧೂಳು. ಎಲ್ಲ ತೆಗೆದ ಮೇಲೆ ಉರಿ ನೀಲಿಗೆ ತಿರುಗಿತು.

"ಮೀಥೇನ್ ಎಲ್ಲಿ ಸಿಗುತ್ತೆ ತಾತ?"

"ಕೊಟ್ಟಿಗೆಯಲ್ಲಿ" ಎಂದೆ. ನಗಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ತಂಡ ಕಟ್ಟಿದರು. ಅವರ ಪ್ರಯೋಗಗಳು ನಡೆದದ್ದು ನಮ್ಮ ಕುಣಿಗಲ್ ತಾಲ್ಲೂಕಿನಲ್ಲೇ. ಪುರ ಎಂಬ ಹಳ್ಳಿಯಲ್ಲಿ ಮನೆಮನೆಯ ಸಗಣಿ ಒಟ್ಟುಗೂಡಿಸಿ ಗೋಬರ್ ಗ್ಯಾಸ್ ಮಾಡಿದರು. ಅದರಲ್ಲಿ ಮುಖ್ಯವಾಗಿ ಇರುವುದು ಮೀಥೇನ್. ಅದನ್ನು ಡೀಸೆಲ್ ಎಂಜಿನ್ನಿಗೆ ಸೇರಿಸಿ ಡೀಸೆಲ್ ಖರ್ಚು ಇಳಿಸಿ, 1987ರಿಂದ ಊರಿಗೆ ದೀಪ, ನೀರು ಕೊಟ್ಟರು. ಗ್ಯಾಸ್ ತೆಗೆದ ಬಗ್ಗಡ ಹೊಲಕ್ಕೆ ಗೊಬ್ಬರವಾಯಿತು. ಅದೇ ತಂಡದ ಅಸ್ತ್ರ ಒಲೆ ಹಿರಿಯರಿಗೆ ನೆನಪಿರಬೇಕು: ಹೊಗೆ ಕೊಳವೆಯಲ್ಲಿ ಹೊರಗೆ, ಸೌದೆಯೂ ಕಡಿಮೆ. ಸೌದೆ ಆಲ್ಕೇನ್ ಅಲ್ಲ, ಆದರೂ ನಮ್ಮವ್ವ ಕಣ್ಣೀರು ಸುರಿಸುತ್ತಾ ಊದುಗೊಳವೆ ಊದುತ್ತಿದ್ದದ್ದು ಇದೇ ಗಾಳಿಯ ಲೆಕ್ಕಕ್ಕೆ.

ಕೈ ತೊಳೆಯಲು ಬಚ್ಚಲಿಗೆ ಹೋದೆ. ಎದೆ ಝಲ್ಲೆಂದಿತು. ಗ್ಯಾಸ್ ಗೀಸರ್ ಒಳಗೇ ಇತ್ತು, ಬೆಳಕಿಂಡಿಗೆ ರಟ್ಟು ತುರುಕಿತ್ತು!

"ಚಳಿ ಕಣೋ, ಮಗು ಸ್ನಾನ ಮಾಡ್ತಾಳೆ" ಎಂದಳು ಅಕ್ಕ.

"ಮಗು ಸ್ನಾನ ಮಾಡ್ತಾಳೆ ಅಂತಲೇ ಹೇಳ್ತಿದೀನಿ ಅಕ್ಕ" ಎಂದು ರಟ್ಟು ಕಿತ್ತೆ. ಅವಳಿಗೆ ಸಿಟ್ಟು ಬಂತು, ಕಾಫಿಯನ್ನೂ ಕೇಳಲಿಲ್ಲ.

ಬುಧವಾರ ಫೋನು ಬಂತು. ಗೀಸರ್ ಹೊರಗಿನ ಗೋಡೆಗೆ ಹೋಗಿದೆಯಂತೆ. ಮಿಸ್ತ್ರಿ ಕೂಲಿ ಜಾಸ್ತಿ ಕೇಳಿದನಂತೆ, ಅದನ್ನು ನಾನೇ ಕೊಡಬೇಕಂತೆ.