ಟ್ಯಾಂಕಿಗೆ ಎಷ್ಟು, ಮಗನಿಗೆ ಎಷ್ಟು?
ಡಾಬಕಾ ಕಡೆಯಿಂದ ಹೊಟ್ಟೆನೋವಿನ ಮಗನನ್ನು ಬೀದರಿಗೆ ಕರೆತಂದಿದ್ದ ರೈತರೊಬ್ಬರು ಈ ವಾರ ಸ್ಕ್ಯಾನಿಂಗ್ ಸೆಂಟರಿನಲ್ಲಿ ‘ಸಾಬ್ರೆ, ಸಣ್ಣ ಮಷೀನ್ ಬ್ಯಾಡ್ರಿ, ದೊಡ್ಡದ್ರಾಗೇ ನೋಡ್ರಿ’ ಎಂದು ಪಟ್ಟು ಹಿಡಿದಿದ್ದರು. ಹುಡುಗ ಗುಂಡಗಿದ್ದ, ಕೆನ್ನೆಗೆ ದೃಷ್ಟಿಬೊಟ್ಟು ಬೇರೆ. ಅಪೆಂಡಿಕ್ಸ್ ಅನುಮಾನವಿದ್ದರೆ ಮಕ್ಕಳಿಗೆ ಮೊದಲು ಮಾಡಬೇಕಾದ್ದು ಆ ‘ಸಣ್ಣ ಮಷೀನೇ’, ಅಂದರೆ ವಿಕಿರಣದ ಸೋಂಕೇ ಇಲ್ಲದ ಅಲ್ಟ್ರಾಸೌಂಡ್. ಆದರೆ ಕೊಬ್ಬಿನ ಪದರ ದಾಟುವಾಗ ಶಬ್ದದ ಅಲೆ ಸೊರಗಿ ಚಿತ್ರ ಮಬ್ಬಾಗುತ್ತದೆ. ದಪ್ಪ ಮಕ್ಕಳು ‘ದೊಡ್ಡ ಮಷೀನಿನ’, ಅಂದರೆ ಸಿಟಿ ಸ್ಕ್ಯಾನಿನ ದಾರಿ ಹಿಡಿಯುವುದು ಹೀಗೆ. ಅಲ್ಲಿ ಇನ್ನೊಂದು ಪೆಟ್ಟು: ದೇಹ ದಪ್ಪವಾದಷ್ಟೂ ಇಂದಿನ ಯಂತ್ರಗಳು ತಾವಾಗಿಯೇ ಕಿರಣ ಏರಿಸುತ್ತವೆ. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷವಿಡೀ ತಗಲುವ ವಿಕಿರಣ ಜಾಗತಿಕ ಸರಾಸರಿಯಲ್ಲಿ 2.4 ಮಿಲಿಸೀವರ್ಟ್, ಹೊಟ್ಟೆಯ ಒಂದೇ ಸಿಟಿ ಅದನ್ನು ಸಲೀಸಾಗಿ ಮೀರಬಲ್ಲದು. ಜೀವಕ್ಕೆ ಬೇಕಾದ ಸ್ಕ್ಯಾನ್ ಬೇಡವೆನ್ನುವ ಹುಚ್ಚು ನನಗಿಲ್ಲ, ಅದರಿಂದ ಒಂದು ಮಗುವಿಗಾಗುವ ಅಪಾಯವೂ ಚಿಕ್ಕದೇ. ನನ್ನ ತಕರಾರು ಬೇರೆ. ತೊಗರಿಗೆ ಔಷಧಿ ಹೊಡೆಯುವಾಗ ಟ್ಯಾಂಕಿಗೆ ಎಷ್ಟು ಎಂಎಲ್ ಎಂದು ಅಂಗಡಿಯವನನ್ನು ಮೂರು ಸಲ ಕೇಳುವ ನಾವು, ಮಗನಿಗೆ ಬಿಟ್ಟ ಕಿರಣ ಎಷ್ಟು ಎಂದು ಒಮ್ಮೆಯೂ ಕೇಳುವುದಿಲ್ಲ. ಸಿಟಿ ಯಂತ್ರ ಆ ಲೆಕ್ಕವನ್ನು ಬರೆದಿಟ್ಟಿರುತ್ತದೆ. ಫಿಲ್ಮಿನ ಜೊತೆ ಅದನ್ನೂ ಕೇಳಿ ಫೈಲಿಗೆ ಹಾಕಿಕೊಳ್ಳಿ, ಮುಂದಿನ ಡಾಕ್ಟರು ಇನ್ನೊಂದು ಸಿಟಿ ಬರೆಯುವ ಮೊದಲು ನೋಡಲಿ.