ಸಿಹಿಯ ಸರದಿ

ಫ್ರಾನ್ಸಿನ ಭೋಜನಗೃಹಗಳಲ್ಲಿ ಸಿಹಿತಿನಿಸು ಬರುವುದು ಕಟ್ಟಕಡೆಗೆ. ಅದರ ‘ಡೆಸರ್ಟ್’ ಎಂಬ ಹೆಸರೇ ಮೇಜನ್ನು ತೆರವು ಮಾಡುವುದು ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಹುಟ್ಟಿದುದು. ಅನೇಕ ಕಡೆ ಅದಕ್ಕೆ ಬೆಲೆಯೂ ಬೇರೆ. ಹಣ ಕಡಮೆಯಿದ್ದವನು ಮೊದಲು ಕೈಬಿಡುವುದು ಅದನ್ನೇ.

ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಆರಂಭವಾದ ದರ್ಶಿನಿಗಳಲ್ಲಿ ಸಿಹಿಗೆ ಈ ಕಾಯುವಿಕೆಯಿಲ್ಲ. ‘ಚೌ ಚೌ ಬಾತ್’ ಎಂದು ಕೇಳಿದರೆ ತುಪ್ಪ ಜಿನುಗುವ ಕೇಸರಿಬಾತೂ ಒಗ್ಗರಣೆಯ ಘಮದ ಖಾರಾಬಾತೂ ಒಂದೇ ತಟ್ಟೆಯಲ್ಲಿ ಬರುತ್ತವೆ. ಎರಡೂ ರವೆಯ ಮಕ್ಕಳೇ! ಯಾವುದನ್ನು ಮೊದಲು ತಿನ್ನಬೇಕೆಂಬ ಕಟ್ಟಳೆಯಿಲ್ಲ; ಹಸಿಮೆಣಸಿನಕಾಯಿ ನಾಲಗೆಯನ್ನು ಚುರುಗುಟ್ಟಿಸಿದರೆ ಕೇಸರಿಬಾತು ಪಕ್ಕದಲ್ಲಿಯೇ ಉಂಟು. ಇದನ್ನು ಕ್ರಮವರಿಯದ ಊಟವೆಂದು ಮೂಗು ಮುರಿಯುವವರಿದ್ದಾರೆ. ಆ ಮಾತು ಒಪ್ಪತಕ್ಕದ್ದಲ್ಲ. ಫ್ರೆಂಚರ ನಾಜೂಕು ಮೆಚ್ಚತಕ್ಕದ್ದೇ. ಆದರೆ ನಿಂತೇ ತಿಂದು ಕೆಲಸಕ್ಕೆ ಓಡುವವನಿಗೆ ಬೆಳಗಿನ ಸಿಹಿಯನ್ನು ಅದೇ ಬೆಲೆಯಲ್ಲಿ ಕೊಡುವುದು ಈ ತಟ್ಟೆಯೇ.